ಒದ್ದೆ ಗೋಣಿಯ ಮೇಲೆ ಮಲಗಿದ ನಾಯಿ

ನಮ್ಮ ಮನೆಯಲ್ಲಿ ಸಣ್ಣದೊಂದು ಸ್ಪ್ಯಾನಿಯಲ್ ನಾಯಿ ಇತ್ತು. ಇದನ್ನು ಯಾರ ಮುಂದಾದರೂ ಹೇಳಲು ನನಗೆ ಬಹಳ ವರ್ಷ ನಾಚಿಕೆಯಾಗುತ್ತಿತ್ತು. ಮೊದಮೊದಲ ನಾಚಿಕೆಗೆ ಕಾರಣ ಆ ನಾಯಿಯ ರೂಪ. ಆಮೇಲಿನದಕ್ಕೆ ನಾವೇ ಕಾರಣ.

ಐವತ್ತರ ದಶಕದ ಕೊನೆಯ ಭಾಗ. ಅಪ್ಪ ಗೌರಿಬಿದನೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದರು. ರೈಲ್ವೆಯಲ್ಲಿದ್ದ ಒಬ್ಬ ಆಂಗ್ಲೋ ಇಂಡಿಯನ್ ಅಧಿಕಾರಿಯ ಮಗನಿಗೆ ಸಂಜೆ ಪಾಠ ಹೇಳಲು ಹೋಗುತ್ತಿದ್ದರು. ಆ ಕುಟುಂಬ ದೇಶ ಬಿಟ್ಟು ಹೊರಟಾಗ ನಾಯಿಯನ್ನು ಹಡಗಿನಲ್ಲಿ ಒಯ್ಯುವಂತಿರಲಿಲ್ಲ. ಒಂದು ಬೆತ್ತದ ಬುಟ್ಟಿ, ಒಂದು ಬಾಚಣಿಗೆ, ನಾಯಿಯ ಮೈಯ ಉಣ್ಣೆ, ಹೇನು ಸಾಯಲು ಹಚ್ಚುವ ಪೌಡರಿನ ಡಬ್ಬಿಗಳು, ಇವುಗಳ ಜೊತೆ ಅದು ನಮ್ಮ ಮನೆಗೆ ಬಂತು. ಬೇಡ ಎನ್ನಲು ಅಪ್ಪನಿಗೆ ಬಾಯಿ ಬರಲಿಲ್ಲವಂತೆ. ಅಮ್ಮನಿಗೆ ಅವರು ಹೇಳಿದ್ದು ಅಷ್ಟೇ.

ಬಿಳಿ ಮೈ, ಕಂದು ಕಿವಿ, ದೊಡ್ಡ ಬೆಕ್ಕಿಗಿಂತ ಕೊಂಚ ಹೆಚ್ಚಿನ ಗಾತ್ರ. ಕಿವಿಗಳು ಗಲ್ಲದ ಕೆಳಗೆ ಇಳಿದಿದ್ದವು. ಉಣ್ಣುವಾಗ ಬಟ್ಟಲಿಗೆ ಬಿದ್ದು ಮೊಸರನ್ನ ಮೆತ್ತಿಕೊಳ್ಳುತ್ತಿದ್ದವು. ಅದಕ್ಕಾಗಿ ಅಮ್ಮ ಎರಡು ಕಿವಿಯನ್ನೂ ತಲೆಯ ಮೇಲೆ ತಂದು ತನ್ನ ಹೇರ್‌ಪಿನ್ನು ಸಿಕ್ಕಿಸಿ ಕೂರಿಸುತ್ತಿದ್ದಳು. ಹೊಲದ ಕಡೆ ಹೋಗಿಬಂದರೆ ಕಾಲಿನ ಕೂದಲ ತುಂಬ ಮುಳ್ಳುಕಾಯಿ. ಅದನ್ನು ಬಿಡಿಸಲು ಒಂದು ಗಂಟೆ. ರಾಗಿಮುದ್ದೆ ಮೂಸಿ ನೋಡಿ ಹಿಂದೆ ಸರಿಯುತ್ತಿತ್ತು. ಅಪರಿಚಿತರು ಬಂದರೆ ಬೊಗಳುತ್ತಿರಲಿಲ್ಲ, ಅವರ ಪಾದದ ಮೇಲೆ ಕುಳಿತುಕೊಳ್ಳುತ್ತಿತ್ತು. ಯಾರಾದರೊಬ್ಬರ ಮೈಗೆ ತಾಗಿ ಕೂರುವುದನ್ನು ಬಿಟ್ಟು ಅದಕ್ಕೆ ಬೇರೆ ಕೆಲಸ ಗೊತ್ತಿರಲಿಲ್ಲ.

ನಮ್ಮದು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆಯ ಬೇಸಾಯದ ಮನೆತನ. ಅಲ್ಲಿ ನಾಯಿ ಎಂದರೆ ಹೊಲ ಕಾಯುವುದು, ಅಂಗಳ ದಾಟಿ ಒಳಗೆ ಬಾರದ್ದು. ಚಿಕ್ಕಪ್ಪ ನೋಡಲು ಬಂದವರು ಹೇರ್‌ಪಿನ್ನು ಹಾಕಿಸಿಕೊಂಡು ಉಣ್ಣುತ್ತಿದ್ದ ಪ್ರಾಣಿಯನ್ನು ಸುಮಾರು ಹೊತ್ತು ನೋಡಿದರು.

"ಕಾಯೋಕೂ ಬರಲ್ಲ, ಕುಯ್ಯೋಕೂ ಬರಲ್ಲ. ಇದ್ನ ಯಾಕಣ್ಣ ಸಾಕ್ತಿದೀಯ?" ಅಂದರು.

ಅಪ್ಪ ನಕ್ಕರು. ಸಂಜೆ ಅದನ್ನು ತಿರುಗಾಡಿಸಲು ಕರೆದೊಯ್ಯುವಾಗ ದೊಡ್ಡ ಬೀದಿ ಬಿಟ್ಟು ಕೆರೆಯ ಕಡೆಯ ದಾರಿ ಹಿಡಿಯುತ್ತಿದ್ದರು. ನನ್ನನ್ನು ಕರೆದರೆ ನಾನು ಓದುವುದಿದೆ ಎನ್ನುತ್ತಿದ್ದೆ.

ಮರುವರ್ಷ ಅಪ್ಪನಿಗೆ ಶಿಡ್ಲಘಟ್ಟಕ್ಕೆ ವರ್ಗವಾಯಿತು. ಸಿಕ್ಕಿದ ಬಾಡಿಗೆ ಮನೆ ಉದ್ದನೆಯ ಹೆಂಚಿನ ಮನೆಯ ಮುಂಭಾಗ. ಹಿಂಭಾಗದಲ್ಲಿ ಮನೆಯ ಒಡತಿ ಒಬ್ಬರೇ ಇದ್ದರು. ಅಮ್ಮನಿಗಿಂತ ಸ್ವಲ್ಪ ದೊಡ್ಡವರು, ಮಕ್ಕಳಿಲ್ಲ, ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ನಾವು ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದೆವು. ಊರಾಚೆ ಅವರಿಗೊಂದು ಹಿಪ್ಪುನೇರಳೆ ತೋಟ. ಮನೆಯ ಹಿಂದಿನ ದೊಡ್ಡ ಹಜಾರವೇ ಹುಳುಮನೆ. ಅಲ್ಲಿ ಅವರೇ ಕೈಯಾರೆ ರೇಷ್ಮೆಹುಳು ಮೇಯಿಸುತ್ತಿದ್ದರು.

ಅದೊಂದು ಸಣ್ಣ ಸಂಗತಿಯಲ್ಲ ಎಂಬುದು ನಮಗೆ ಅಲ್ಲಿಗೆ ಹೋದ ಒಂದು ತಿಂಗಳೊಳಗೆ ತಿಳಿಯಿತು. ಗಂಡ ಸತ್ತವಳ ಕೈ ಹುಳುವಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ ಅವರ ಮನೆತನದಲ್ಲಿತ್ತು. ಅವರ ಗಂಡನ ಅಣ್ಣ ಎರಡು ಬೀದಿಯಾಚೆ ಇದ್ದರು. ತೋಟ ನನಗೆ ಬಿಡು, ನನ್ನ ಮನೆಯಲ್ಲಿ ಮೇಯಿಸುತ್ತೇನೆ, ನಿನ್ನ ಅನ್ನಕ್ಕೆ ಕೊರತೆ ಮಾಡುವುದಿಲ್ಲ ಎಂದು ಅವರು ಮೊದಲಿಂದ ಹೇಳುತ್ತ ಬಂದಿದ್ದರು. ಕೆಟ್ಟ ಮನುಷ್ಯರೇನಲ್ಲ. ತಮ್ಮನ ಹೆಂಡತಿ ಒಬ್ಬಳೇ ಕೂಲಿಯವರ ಜೊತೆ ತೋಟಕ್ಕೂ ಮನೆಗೂ ಓಡಾಡುವುದು ಅವರಿಗೆ ಅವಮಾನವಾಗಿ ಕಾಣುತ್ತಿತ್ತು. ದೊಡ್ಡಮ್ಮ ಒಪ್ಪಿರಲಿಲ್ಲ. ಕೊನೆಗೆ ಆ ಯುಗಾದಿಯ ಹೊತ್ತಿಗೆ, ಅವರ ಗಂಡನ ಸೋದರಮಾವ ಸಾದಲಿಯಿಂದ ಬಂದು ಕೂತು ಒಂದು ಮಾತು ಮಾಡಿಸಿ ಹೋದರು. ಬೇಸಿಗೆಯ ಬೆಳೆ ಸರಿಯಾಗಿ ಬಂದರೆ ತೋಟ ಅವಳ ಕೈಯಲ್ಲೇ ಇರಲಿ, ಮುಂದೆ ಯಾರೂ ಆ ಮಾತು ಎತ್ತುವುದು ಬೇಡ. ಕೆಟ್ಟರೆ ಭಾವನಿಗೆ ಬಿಟ್ಟುಕೊಡಲಿ. ನಮ್ಮ ಜಗಲಿಯ ಮೇಲೆಯೇ ಆದ ಮಾತು ಇದು. ಬೀದಿಯಲ್ಲಿ ಗೊತ್ತಿಲ್ಲದವರು ಇರಲಿಲ್ಲ.

ದೊಡ್ಡಮ್ಮ ಜನರ ಬಾಯಿಗೆ ಸಿಕ್ಕದ ಹಾಗೆ ನಡೆದುಕೊಳ್ಳುತ್ತಿದ್ದರು. ಹೊಸ ಹುಳುವಿಗೆ ಮೊದಲ ಸೊಪ್ಪು ಹಾಕಲು ಅಮ್ಮನನ್ನು ಕರೆಯುತ್ತಿದ್ದರು, ಮುತ್ತೈದೆಯ ಕೈಯಿಂದ ಆಗಲಿ ಎಂದು. ಅಮ್ಮ ಮಡಿಯುಟ್ಟು, ಅರಿಶಿನದ ನೀರು ಚಿಮುಕಿಸಿ, ಸಣ್ಣಗೆ ಹೆಚ್ಚಿದ ಎಳೆ ಸೊಪ್ಪು ಉದುರಿಸಿ ಬರುತ್ತಿದ್ದಳು. ಹುಳುಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಮುಟ್ಟಾದವರು ಹತ್ತಿರ ಸುಳಿಯುವಂತಿಲ್ಲ, ನಶ್ಯ ಬೀಡಿಯ ವಾಸನೆ ಕೂಡದು. ನಾಯಿಯ ಮಾತನ್ನು ಯಾರೂ ಹೇಳಿಯೇ ಇರಲಿಲ್ಲ. ನಾಯಿ ಕೂಡದೆಂಬುದು ಹೇಳಬೇಕಾದ ಮಾತೆಂದು ಯಾರಿಗೂ ಅನ್ನಿಸಿರಲಿಕ್ಕಿಲ್ಲ.

ನಾವು ಅಲ್ಲಿಗೆ ಹೋದ ಮೊದಲ ವಾರದಲ್ಲೇ ನಮ್ಮ ನಾಯಿ ಅವರನ್ನು ಹುಡುಕಿಕೊಂಡಿತು. ಅಪ್ಪ ಮತ್ತು ನಾನು ಸ್ಕೂಲಿಗೆ ಹೋದ ಮೇಲೆ, ಅಮ್ಮ ಅಡುಗೆಯಲ್ಲಿದ್ದಾಗ, ಹಿತ್ತಲ ಬಾಗಿಲಿಂದ ಅವರ ಕಡೆ ಹೋಗುತ್ತಿತ್ತು. ಅವರು ಮೊದಲು ಛೀ ಎಂದು ಓಡಿಸಿದರಂತೆ. ಅದು ಓಡಲಿಲ್ಲ, ಪಾದದ ಮೇಲೆ ಕೂತಿತು. ಕೆಲವು ದಿನದಲ್ಲಿ ಅವರು ಸೊಪ್ಪು ಹೆಚ್ಚುವಾಗ ಅದು ಅವರ ಮೊಣಕಾಲಿಗೆ ತಲೆಯಿಟ್ಟು ಮಲಗುವುದನ್ನು ನಾನೇ ನೋಡಿದೆ. ನಮ್ಮ ಇಂಗ್ಲಿಷ್ ಹೆಸರು ಅವರ ಬಾಯಿಗೆ ಹತ್ತಲಿಲ್ಲ. ಕುಕ್ಕಪಿಲ್ಲ ಎಂದು ತೆಲುಗಿನಲ್ಲಿ ಕರೆಯುತ್ತಿದ್ದರು, ನಾಯಿಮರಿ ಎಂದಷ್ಟೇ ಅದರ ಅರ್ಥ. ನಮ್ಮೊಡನೆ ಎಂದೂ ಆಡದ ಒಂದು ದನಿಯಲ್ಲಿ ಅದರೊಡನೆ ಮಾತಾಡುತ್ತಿದ್ದರು, ಇವತ್ತು ಕೂಲಿಯವಳು ಬರಲಿಲ್ಲ, ಸೊಪ್ಪು ಬಲಿತುಹೋಗಿದೆ, ಇಂಥವು. ಬೇರೆಯವರು ಬರುವ ಸದ್ದಾದರೆ ಅದನ್ನು ಕಾಲಲ್ಲಿ ಮೆಲ್ಲಗೆ ಹೊರಕ್ಕೆ ನೂಕುತ್ತಿದ್ದರು. ನಮಗೆ ಅದರಿಂದ ಅನುಕೂಲವೇ ಆಗಿತ್ತು. ನಾಯಿಯ ಚಾಕರಿ ಹಗಲಲ್ಲಿ ತಪ್ಪಿತು. ನಮ್ಮ ಮೂವರಲ್ಲಿ ಯಾರೂ ಅದನ್ನು ತಡೆಯಲಿಲ್ಲ.

ಆ ಕಾಲದಲ್ಲಿ ಮಲೇರಿಯಾದವರು ಊರೂರಿಗೆ ಬಂದು ಗೋಡೆಗಳಿಗೆ ಡಿಡಿಟಿ ಹೊಡೆಯುತ್ತಿದ್ದರು. ರೇಷ್ಮೆ ಬೆಳೆಯುವವರ ಬೀದಿಗಳಲ್ಲಿ ಅವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಆ ಮದ್ದು ಸೋಕಿದರೆ ಹುಳು ಸಾಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಮನೆಗೆ ಬಂದಾಗ ಅಪ್ಪನೇ ಬಾಗಿಲಲ್ಲಿ ನಿಂತು, ಹಿಂದೆ ಹುಳುಮನೆ ಇದೆ, ಮುಂಭಾಗಕ್ಕೂ ಹೊಡೆಯಬೇಡಿ ಎಂದು ಕಾರಣ ವಿವರಿಸಿ ವಾಪಸು ಕಳಿಸಿದ್ದರು. ದೊಡ್ಡಮ್ಮ ಅದಕ್ಕೆ ಬಹಳ ಸಂತೋಷಪಟ್ಟು ಒಂದು ತಟ್ಟೆ ಒಬ್ಬಟ್ಟು ಕಳಿಸಿದ್ದರು.

ಅದೇ ಅಪ್ಪ ಪ್ರತಿ ಭಾನುವಾರ ಬೆಳಿಗ್ಗೆ ಹಿತ್ತಲಿನಲ್ಲಿ ನಾಯಿಯನ್ನು ಕೂರಿಸಿ, ಡಬ್ಬಿಯ ಪೌಡರನ್ನು ಕತ್ತು, ಹೊಟ್ಟೆ, ತೊಡೆಗಳ ಕೂದಲ ಬುಡಕ್ಕೆ ಹೋಗುವ ಹಾಗೆ ತಿಕ್ಕುತ್ತಿದ್ದರು. ಬೇಸಿಗೆಯಲ್ಲಿ ಉಣ್ಣೆ ಹೆಚ್ಚಾಗಿ ವಾರಕ್ಕೆರಡು ಸಲ ತಿಕ್ಕಿದರು. ಡಬ್ಬಿಯ ಮೇಲೆ ನಾಯಿಯ ಚಿತ್ರವಿತ್ತು, ನಮ್ಮ ಕಣ್ಣಿಗೆ ಅದು ಮುಖಕ್ಕೆ ಹಚ್ಚುವ ಪೌಡರಿನ ಜಾತಿಯದೇ. ಉಣ್ಣೆಯನ್ನು ಕೊಲ್ಲುವುದು ಹುಳುವನ್ನೂ ಕೊಲ್ಲುತ್ತದೆ ಎಂಬುದು ವಿಜ್ಞಾನದ ಮೇಷ್ಟರಿಗೆ ಹೊಳೆಯಲಿಲ್ಲ. ಹೊಳೆಯದಿದ್ದುದಕ್ಕೆ ಅವರು ಮುಂದೆ ಯಾವ ಕಾರಣವನ್ನೂ ಹೇಳಿಕೊಳ್ಳಲಿಲ್ಲ.

ಹುಳುಗಳು ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಬಿಡುತ್ತವೆ. ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹಗಲೂ ರಾತ್ರಿ ತಿನ್ನುತ್ತವೆ. ಆಗ ಸೊಪ್ಪನ್ನು ಬುಟ್ಟಿಗಟ್ಟಲೆ ತಂದು ಪಕ್ಕದ ಕತ್ತಲೆ ಕೋಣೆಯಲ್ಲಿ ರಾಶಿ ಹಾಕಿ, ಬಾಡದಂತೆ ಒದ್ದೆ ಗೋಣಿ ಮುಚ್ಚಿಡಬೇಕು. ಆ ವರ್ಷದ ಬಿಸಿಲಿಗೆ ಇಡೀ ಮನೆಯಲ್ಲಿ ತಂಪಾಗಿದ್ದ ಜಾಗ ಅದೊಂದೇ. ಮೈತುಂಬ ಕೂದಲಿದ್ದ ನಾಯಿ ಅದನ್ನು ಕಂಡುಕೊಂಡಿತು. ದೊಡ್ಡಮ್ಮ ಅದನ್ನು ಅಲ್ಲಿಂದ ಎಬ್ಬಿಸಲಿಲ್ಲ.

ಗೂಡು ಕಟ್ಟಲು ಕೆಲವೇ ದಿನ ಉಳಿದಿತ್ತು. ಒಂದು ಬೆಳಿಗ್ಗೆ ದೊಡ್ಡಮ್ಮ ಹಿತ್ತಲ ಬಾಗಿಲಿಗೆ ಬಂದು ಅಪ್ಪನನ್ನು ಕರೆದರು. ನಮ್ಮ ಊರಿನ ಮನೆಯಲ್ಲೂ ಹುಳು ಸಾಕುತ್ತಿದ್ದರು, ಅಪ್ಪ ಅದನ್ನು ನೋಡುತ್ತಲೇ ಬೆಳೆದವರು, ಅದಕ್ಕೇ ಕರೆದದ್ದು. ನಾನೂ ಹಿಂದೆ ಹೋಗಿ ಹೊಸ್ತಿಲಲ್ಲಿ ನಿಂತೆ. ಬಿದಿರು ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮುಟ್ಟದೆ ತಲೆಯೆತ್ತಿ ಅತ್ತಿತ್ತ ತೂಗುತ್ತಿದ್ದವು. ಕೆಲವು ಹಸಿರು ನೀರು ಕಾರಿಕೊಂಡು ಮೈ ಕುಗ್ಗಿ ಬಿದ್ದಿದ್ದವು. ಅಪ್ಪ ಒಂದೆರಡು ಹುಳು ಎತ್ತಿ ಅಂಗೈಯಲ್ಲಿಟ್ಟು ನೋಡಿದರು. ಹುಳುವಿಗೆ ಬರುವ ಸಪ್ಪೆ, ಸುಣ್ಣಕಟ್ಟು ರೋಗಗಳಾಗಿದ್ದರೆ ಅವರು ಅಲ್ಲೇ ಹೇಳುತ್ತಿದ್ದರು. ಹೇಳಲಿಲ್ಲ. ಸೊಪ್ಪಿನ ಕೋಣೆಗೆ ಹೋದರು. ಗೋಣಿಯನ್ನು ಬೆಳಕಿಗೆ ಎತ್ತಿ ಹಿಡಿದರು. ಅದರ ಮೇಲೆ ಬಿಳಿ ಕೂದಲು, ಕಂದು ಕೂದಲು ಅಂಟಿಕೊಂಡಿತ್ತು. ಮಡಿಸಿ ಇದ್ದಲ್ಲೇ ಇಟ್ಟು ಬಂದರು.

"ಬಿಸಿಲಿಗೆ ಅನ್ಸುತ್ತೆ," ಅಂದರು ದೊಡ್ಡಮ್ಮ, ಅಪ್ಪನ ಮುಖ ನೋಡುತ್ತ.

ಸಂಜೆಯ ಹೊತ್ತಿಗೆ ಮುಕ್ಕಾಲು ಪಾಲು ತಟ್ಟೆಗಳನ್ನು ಹಿತ್ತಲ ಗುಂಡಿಗೆ ಸುರಿದರು. ಕೂಲಿ ಹೆಂಗಸರು ಮೂಗಿಗೆ ಸೆರಗು ಹಿಡಿದು ಹೊತ್ತು ಹಾಕಿದರು. ದೊಡ್ಡಮ್ಮ ಒಳಗೆ ಉಳಿದ ತಟ್ಟೆಗಳ ಹತ್ತಿರವೇ ಇದ್ದರು.

ಮನೆಯಲ್ಲಿ ಅಪ್ಪ ಅಮ್ಮನಿಗೆ ಎಲ್ಲ ಹೇಳಿದರು. ಪೌಡರು ಕೂದಲಿಂದ ಗೋಣಿಗೆ, ಗೋಣಿಯಿಂದ ಸೊಪ್ಪಿಗೆ ಇಳಿದಿದೆ. ಆ ರಾಶಿಯ ಸೊಪ್ಪು ಮುಕ್ಕಾಲು ಪಾಲು ತಟ್ಟೆಗಳಿಗೆ ಹೋಗಿದೆ. ತಪ್ಪು ನಮ್ಮದು. ಆದರೆ ಬೀದಿಯಲ್ಲಿ ಆಗಲೇ ಅವಳ ಕೈಗುಣದ ಮಾತು ಶುರುವಾಗಿದೆ. ನಾಳೆ ಅವಳ ಭಾವ, ಸಾದಲಿಯ ಮಾವ ಬರುತ್ತಾರೆ, ಅವರೆದುರು ನಿಜ ಹೇಳಿಬಿಡುತ್ತೇನೆ ಎಂದರು. ಅಮ್ಮ, ಮೊದಲು ದೊಡ್ಡಮ್ಮನ ಹತ್ತಿರ ಹೋಗಿ ಹೇಳಿ, ಅವರು ಏನನ್ನುತ್ತಾರೋ ನೋಡಿ ಎಂದಳು.

"ನಿಜ ಹೇಳೋದಕ್ಕೆ ಯಾರ ಅಪ್ಪಣೆ ಬೇಕು?" ಎಂದರು ಅಪ್ಪ.

ಅವರ ದನಿಯಲ್ಲಿ ಒಂದು ಹಗುರತನ ಇತ್ತು. ತಪ್ಪು ಒಪ್ಪಿಕೊಳ್ಳಲು ಹೊರಟ ಮನುಷ್ಯನ ನೆಮ್ಮದಿ. ಆಗ ನನಗೆ ಅಪ್ಪನ ಮೇಲೆ ಹೆಮ್ಮೆಯಾಗಿತ್ತು. ಅದನ್ನು ಬರೆಯದೆ ಬಿಟ್ಟರೆ ಈ ವರದಿ ಪೂರ್ತಿಯಾಗುವುದಿಲ್ಲ.

ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಚಾಪೆ ಹಾಸಿದರು. ಭಾವ ಒಂದು ಕಡೆ, ಸಾದಲಿಯ ಹಿರಿಯರು ಗೋಡೆಗೆ ಒರಗಿ. ದೊಡ್ಡಮ್ಮ ಬಾಗಿಲ ಹಿಂದೆ ನಿಂತಿದ್ದರು, ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು. ಅಲ್ಲಿಂದಲೇ ಅವರು ನಡೆದದ್ದನ್ನು ಹೇಳಿದರು. ನಾಲ್ಕನೇ ಜ್ವರದವರೆಗೆ ಒಂದು ಹುಳು ಕೆಟ್ಟಿರಲಿಲ್ಲ. ಆಮೇಲೆ ಬಿಸಿಗಾಳಿ ತಡೆಯಲಿಲ್ಲ. ಉಳಿದ ತಟ್ಟೆಗಳ ಹುಳುಗಳು ಹಣ್ಣಾಗಿ ಗೂಡು ಕಟ್ಟಲು ಬರುತ್ತಿವೆ, ಅಷ್ಟು ಗೂಡು ಕೈಗೆ ಬರುತ್ತದೆ. ಇಷ್ಟನ್ನು ಅಳದೆ, ದನಿ ಏರಿಸದೆ ಹೇಳಿದರು.

ಸಾದಲಿಯ ಹಿರಿಯರು ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡರು. ತಮ್ಮ ಕಡೆಯೂ ಈ ಸಲ ಬಿಸಿಲಿಗೆ ಬೆಳೆ ಹೋಗಿದೆ ಎಂದರು. ಗಂಡಸರು ಮೇಯಿಸಿದ್ದೂ ಹೋಗಿದೆ ಎಂದು ಭಾವನ ಕಡೆ ತಿರುಗಿ ಹೇಳಿದರು. "ಬಿಸ್ಲು ಯಾರ್ ಕೈಗುಣ ನೋಡ್ಕಂಡ್ ಬರ್ತದಪ್ಪ? ಇನ್ನೊಂದು ಬೆಳೆ ನೋಡಣ ಬಿಡು."

ನೀವು ಹೇಳಿದ ಹಾಗೆ ಆಗಲಿ ಮಾವ ಎಂದರು ಭಾವ. ಚಾಪೆಯಿಂದ ಏಳಲು ಕೈ ಊರಿದ್ದರು.

ಆಗ ಅಪ್ಪ ನಮ್ಮ ಬಾಗಿಲಿಂದ ಮುಂದೆ ಬಂದು, ಒಂದು ಮಾತು ಹೇಳಬೇಕು ಎಂದರು. ಕ್ಲಾಸಿನಲ್ಲಿ ಪಾಠ ಮಾಡುವಂತೆ ಒಂದಾದ ಮೇಲೊಂದು ಹೇಳಿದರು. ಇದು ಬಿಸಿಲೂ ಅಲ್ಲ, ಆಕೆಯ ಕೈಯೂ ಅಲ್ಲ. ನಮ್ಮ ನಾಯಿಗೆ ಹಚ್ಚುವ ಪೌಡರಿನಲ್ಲಿ ಮಲೇರಿಯಾದವರು ಹೊಡೆಯುವಂಥದೇ ಮದ್ದಿದೆ. ಅದು ಸೊಪ್ಪಿಗೆ ಸೋಕಿದೆ. ಇದರಲ್ಲಿ ಆಕೆಯ ದೋಷ ಎಳ್ಳಷ್ಟೂ ಇಲ್ಲ, ಎಲ್ಲ ನಮ್ಮದು.

ಭಾವ ಮತ್ತೆ ಕೂತರು.

"ಸೊಪ್ಪಿಗೆ ಹೆಂಗ್ ಸೋಕ್ತು ಮೇಷ್ಟ್ರೇ?"

"ಗೋಣಿ ಮೇಲೆ ಮಲಗಿತ್ತು."

"ಯಾವ ಗೋಣಿ?"

"ಸೊಪ್ಪಿನ ಕೋಣೇದು."

ಸಾದಲಿಯ ಹಿರಿಯರ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು. "ಪುರುಗುಲ ಇಂಟ್ಲೋಕಿ ಕುಕ್ಕನಾ?" ಎಂದರು, ಹುಳುಗಳ ಮನೆಯೊಳಕ್ಕೆ ನಾಯಿಯೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವ ಹಾಗೆ.

ಭಾವ ಬಾಗಿಲ ಕಡೆ ನೋಡಲಿಲ್ಲ. ಅಪ್ಪನನ್ನೇ ನೋಡುತ್ತ, ಮರ್ಯಾದೆಯಿಂದಲೇ ಕೇಳಿದರು. "ಒಂದಿನ ತಪ್ಪಿ ನುಗ್ತೋ, ದಿನಾ ಮಲಗ್ತಿತ್ತೋ?"

ಅಪ್ಪನಿಗೆ ತಾವು ಎಲ್ಲಿಗೆ ಬಂದು ನಿಂತಿದ್ದೇವೆಂಬುದು ಆಗ ಅರ್ಥವಾಗಿರಬೇಕು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಬಾಯಿ ತೆರೆದು ಮುಚ್ಚಿದರು. ಅದೇ ಉತ್ತರವಾಯಿತು.

"ಸರಿ," ಅಂದರು ಭಾವ. "ನೀವು ಓದಿದೋರು, ಸುಳ್ಳು ಹೇಳೋರಲ್ಲ. ಪೌಡರೋ ಗಿವ್ಡರೋ ನಂಗೆ ಗೊತ್ತಿಲ್ಲ. ಹುಳಾ ಮೇಯಿಸೋಳು ನಾಯೀನ ಒಳಗೆ ಮಲಗಿಸ್ಕಂಡಿದ್ಳು ಅಂತ ಗೊತ್ತಾಯ್ತು, ಸಾಕು."

ಬಾಗಿಲ ಹಿಂದಿನ ಸೆರಗು ಒಳಕ್ಕೆ ಹೋಯಿತು. ಮಾವ ಇನ್ನೊಂದು ಬೆಳೆಯ ಮಾತು ಮತ್ತೆ ಆಡಲಿಲ್ಲ. ಅಪ್ಪ, ಇದು ಸರಿಯಲ್ಲ, ಇದನ್ನು ಹೀಗೆ ಅರ್ಥಮಾಡಿಕೊಳ್ಳಬಾರದು ಎಂದು ಏನೇನೋ ಹೇಳುತ್ತ ಹೋದರು. ಅವರಿಬ್ಬರೂ ಕೇಳಿಸಿಕೊಂಡರು, ಮೇಷ್ಟರ ಮಾತಿಗೆ ಅಡ್ಡ ಬರಬಾರದೆಂಬ ಗೌರವದಿಂದ. ಆಮೇಲೆ ಎದ್ದು ಹೋದರು.

ಮುಂದಿನ ಬೆಳೆಯ ಹೊತ್ತಿಗೆ ತೋಟ ಭಾವನ ಕೈಗೆ ಹೋಯಿತು. ದೊಡ್ಡಮ್ಮನ ಹಜಾರ ಭಾವನ ಮನೆಯದಕ್ಕಿಂತ ತಂಪಾಗಿತ್ತು. ಹಾಗಾಗಿ ಹುಳುಗಳೂ ಅಲ್ಲಿಗೇ ಬಂದವು. ಭಾವನ ಹೆಂಡತಿ, ಸೊಸೆ ದಿನವೂ ಬಂದು ಮೇಯಿಸುತ್ತಿದ್ದರು. ದೊಡ್ಡಮ್ಮನಿಗೆ ಅಡುಗೆಮನೆ, ಅದರ ಪಕ್ಕದ ಕೋಣೆ ಉಳಿಯಿತು. ತಮ್ಮದೇ ಹಜಾರಕ್ಕೆ ಅವರು ಕಾಲಿಡುವಂತಿರಲಿಲ್ಲ. ಮೊದಲ ಸೊಪ್ಪು ಹಾಕಲು ಅಮ್ಮನನ್ನು ಯಾರೂ ಕರೆಯಲಿಲ್ಲ.

ನಾವು ಆ ಮನೆಯಲ್ಲಿ ಇನ್ನೂ ಒಂದು ವರ್ಷ ಇದ್ದೆವು. ಪೌಡರಿನ ಡಬ್ಬಿಯನ್ನು ಅಪ್ಪ ಊರಾಚೆ ಒಯ್ದು ಹೂತರು. ನಾಯಿಯನ್ನು ನಡುಮನೆಯ ಕಂಬಕ್ಕೆ ಕಟ್ಟಿದೆವು. ಅದು ಹಿತ್ತಲ ಬಾಗಿಲ ಕಡೆ ಮುಖ ಮಾಡಿ ಕುಯ್ಯೆನ್ನುತ್ತಿತ್ತು. ಆ ಸದ್ದು ಆಚೆ ಕೇಳಿಸುತ್ತದಲ್ಲ ಎಂದು ಅಮ್ಮ ಒದ್ದಾಡುತ್ತಿದ್ದಳು. ಬಾವಿಯ ಹತ್ತಿರ ದೊಡ್ಡಮ್ಮ ಎದುರಾದರೆ ಊಟವಾಯಿತೇ ಎಂದು ಕೇಳುತ್ತಿದ್ದರು. ನಾವು ಆಯಿತು ಎನ್ನುತ್ತಿದ್ದೆವು. ಅವರು ಒಂದು ದಿನವಾದರೂ ಬೈದಿದ್ದರೆ ಆ ಬಾವಿಕಟ್ಟೆಗೆ ಹೋಗುವುದು ನಮಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಚಿಂತಾಮಣಿಗೆ ವರ್ಗವಾದ ಸುದ್ದಿ ಬಂದಾಗ ಅಪ್ಪ ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡಿದ್ದರು. ಒಂದು ಸಂಜೆ ನಾಯಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ದೊಡ್ಡಮ್ಮ ರಾಗಿ ಕೇರುತ್ತಿದ್ದರು. ಇದು ನಿಮಗೆ ಒಗ್ಗಿಕೊಂಡಿತ್ತು, ಬೇಕಿದ್ದರೆ ಇಟ್ಟುಕೊಳ್ಳಿ, ಜೊತೆಗಿರುತ್ತದೆ ಎಂದರು. ಅಮ್ಮನೂ ನಾನೂ ಬಾಗಿಲಲ್ಲಿದ್ದೆವು.

ದೊಡ್ಡಮ್ಮ ಮೊರ ಕೆಳಗಿಟ್ಟರು. ನಾಯಿ ಅಪ್ಪನ ಕೈಯಿಂದ ಜಾರಿ ಹೋಗಿ ಅವರ ಪಾದದ ಮೇಲೆ ಕೂತಿತು. ಅವರು ಅದನ್ನು ಮುಟ್ಟಲಿಲ್ಲ, ಸರಿಸಲೂ ಇಲ್ಲ.

"ಗೋಣಿ ಮೇಲಿನ ಕೂದ್ಲು ನಾನೂ ನೋಡಿದ್ದೆ ಮೇಷ್ಟ್ರೇ. ನಿಮ್ಗಿಂತ ಮೊದ್ಲೇ ನೋಡಿದ್ದೆ. ನಿಮ್ ಪೌಡರಿನ ವಾಸ್ನೇನೂ ಬಂದಿತ್ತು," ಅಂದರು. "ಬಿಸ್ಲು ಅಂದೆ. ಅವ್ರು ಒಪ್ಕಂಡಿದ್ರು."

"ನಿಮ್ ನಾಯೀನ ನೀವೇ ಕರ್ಕಂಡೋಗಿ," ಎಂದು ಅವರು ಮತ್ತೆ ಮೊರ ಎತ್ತಿಕೊಂಡರು.

ಅಪ್ಪ ಬಗ್ಗಿ ನಾಯಿಯನ್ನು ಎತ್ತಿಕೊಳ್ಳಬೇಕಾಯಿತು. ಅವರ ಪಾದದ ಹತ್ತಿರ ಬಗ್ಗಿ. ಅದು ಸುಲಭವಾಗಿ ಬರಲಿಲ್ಲ.

ಹೊರಟ ದಿನ ಸಾಮಾನು ಎತ್ತಿನ ಗಾಡಿಗೆ ಏರಿಸಿದ ಮೇಲೆ ಅಮ್ಮ ಕುಂಕುಮದ ಬಟ್ಟಲು ಕೈಯಲ್ಲಿ ಹಿಡಿದು, ಕೊಡುವಂತಿಲ್ಲ ಎಂಬುದು ನೆನಪಾಗಿ, ಅದನ್ನು ಒಳಗಿಟ್ಟು ಹಣ್ಣಿನ ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋದಳು. ದೊಡ್ಡಮ್ಮ ಇರಲಿಲ್ಲ, ನಸುಕಿನಲ್ಲೇ ಸೊಪ್ಪಿಗೆ ಹೋದರೆಂದು ಭಾವನ ಸೊಸೆ ಹೇಳಿದಳು. ಮನೆಯ ಬೀಗದಕೈಯನ್ನು ನಾವು ಭಾವನಿಗೆ ಕೊಟ್ಟೆವು. ಅವರು ಅಪ್ಪನಿಗೆ ಕೈಮುಗಿದು, ನಿಮ್ಮಂಥ ಸತ್ಯವಂತರು ಊರು ಬಿಡುತ್ತಿದ್ದೀರಿ ಎಂದು ಬೇಸರಪಟ್ಟರು. ಆ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ಅಪ್ಪನ ಮುಖ ನಾನು ಆ ದಿನ ಮತ್ತೆ ನೋಡಲಿಲ್ಲ.

ಚಿಂತಾಮಣಿಯ ದಾರಿ ತೋಟದ ಪಕ್ಕದಲ್ಲೇ ಹಾದುಹೋಗುತ್ತಿತ್ತು. ನಾಲ್ಕೈದು ಕೂಲಿ ಹೆಂಗಸರು ಸೊಪ್ಪು ಕೀಳುತ್ತಿದ್ದರು. ಅವರ ಸಾಲಿನಲ್ಲೇ ದೊಡ್ಡಮ್ಮ, ಮಡಿಲು ಕಟ್ಟಿಕೊಂಡು. ಕೀಳುವುದಕ್ಕೆ ಅವರ ಕೈ ಆಗಿಬರುತ್ತಿತ್ತು. ಗಾಡಿಯ ಸದ್ದಿಗೆ ತಲೆಯೆತ್ತಿ ನೋಡಿದರು, ಮತ್ತೆ ಗಿಡಕ್ಕೆ ಬಾಗಿದರು. ನಾಯಿ ಅವರನ್ನು ಗುರುತಿಸಿ ಅಮ್ಮನ ಮಡಿಲಿನಿಂದ ಏಳಲು ನೋಡಿತು. ಅಮ್ಮ ಸೆರಗು ಮುಚ್ಚಿ ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಅದು ಸೆರಗಿನ ಒಳಗೇ ಕುಯ್ಯೆನ್ನುತ್ತಿತ್ತು. ಗಾಡಿ ನಿಲ್ಲಿಸಿ ಎಂದು ನಮ್ಮಲ್ಲಿ ಯಾರೂ ಹೇಳಲಿಲ್ಲ.